ಗೊಂಬೆಯೋ ಗೊಂಬೆಗಳೋ: ಆನ್‌ಲೈನ್ ಅಂಗಡಿಗೆ ಏಕವಚನ, ಬಹುವಚನದ ಕೀವರ್ಡ್ ಆರಿಸುವ ಬಗೆ

ಚನ್ನಪಟ್ಟಣದ ಮರದ ಆಟಿಕೆ ಮಾರುವ ಒಂದು ಸಣ್ಣ ಆನ್‌ಲೈನ್ ಅಂಗಡಿ ಇದೆ ಎಂದುಕೊಳ್ಳೋಣ. ಸ್ವಂತ ವೆಬ್‌ಸೈಟ್, ಅಮೆಜಾನ್‌ನಲ್ಲೊಂದು ಮಾರಾಟದ ಖಾತೆ, ತಿಂಗಳಿಗೆ ಅಷ್ಟೋ ಇಷ್ಟೋ ಜಾಹೀರಾತಿನ ಖರ್ಚು. ಇಂಥ ಅಂಗಡಿಯವರನ್ನು ಬಹಳ ಬೇಗ ಕಾಡುವ ಪ್ರಶ್ನೆ ಇದು: ಪುಟದ ಶೀರ್ಷಿಕೆಯಲ್ಲಿ ‘ವುಡನ್ ಟಾಯ್’ ಎಂದು ಬರೆಯಬೇಕೋ, ‘ವುಡನ್ ಟಾಯ್ಸ್’ ಎಂದೋ? ಕನ್ನಡ ಪುಟ ಮಾಡಿದರೆ ‘ಗೊಂಬೆ’ ಹಾಕಬೇಕೋ, ‘ಗೊಂಬೆಗಳು’ ಎಂದೋ?

ಯಾವ ಪದವನ್ನು (ಇದನ್ನೇ ಕೀವರ್ಡ್ ಎನ್ನುತ್ತಾರೆ) ಹೆಚ್ಚು ಜನ ಹುಡುಕುತ್ತಾರೆ ಎಂದು ನೋಡಿ ಅದನ್ನೇ ಎಲ್ಲ ಕಡೆ ತುಂಬುವುದು ಸುಲಭದ ದಾರಿ. ನನಗೆ ಅದು ಒಪ್ಪಿಗೆಯಿಲ್ಲ. ಗೂಗಲ್ ಈ ಎರಡು ರೂಪಗಳ ನಂಟನ್ನು ಎಷ್ಟೋ ವರ್ಷಗಳ ಹಿಂದೆಯೇ ಅರಿತುಕೊಂಡಿದೆ. ‘ಟಾಯ್’ ಎಂದು ಬರೆದ ಪುಟವನ್ನು ‘ಟಾಯ್ಸ್’ ಹುಡುಕಿದವರಿಗೂ ತೋರಿಸುತ್ತದೆ. ಆದರೆ ಹುಡುಕಿದವರ ಮನಸ್ಸಿನಲ್ಲಿರುವುದು ಎರಡೂ ಸಲ ಒಂದೇ ಅಲ್ಲ. ಒಬ್ಬರು ಇಡೀ ಕಪಾಟು ನೋಡಲು ಬಂದಿರುತ್ತಾರೆ, ಇನ್ನೊಬ್ಬರು ಒಂದು ಸರಕನ್ನು ಕೈಗೆತ್ತಿಕೊಳ್ಳಲು. ಯಾರ ಮುಂದೆ ಯಾವ ಪುಟವನ್ನು ಇಡುತ್ತೀರಿ ಎಂಬುದೇ ಇಲ್ಲಿ ತೀರ್ಮಾನವಾಗಬೇಕಾದ ವಿಷಯ.

ಹಂತ 1: ಮೊದಲು ಪುಟಗಳನ್ನು ಬರೆಯಿರಿ

ಸ್ಪ್ರೆಡ್‌ಶೀಟ್ ತೆರೆದು ಮೊದಲ ಕಾಲಂನಲ್ಲಿ ಅಂಗಡಿಯಲ್ಲಿರುವ ಪುಟಗಳನ್ನು ಬರೆಯಿರಿ. ಪದಗಳ ಪಟ್ಟಿ ಈಗಲೇ ಬೇಡ. ಮುಖಪುಟ ಬಿಟ್ಟರೆ ಅಂಗಡಿಯಲ್ಲಿ ಸಾಮಾನ್ಯವಾಗಿ ಮೂರು ಜಾತಿಯ ಪುಟಗಳಿರುತ್ತವೆ: ಹಲವು ಸರಕನ್ನು ಒಟ್ಟಿಗೆ ತೋರಿಸುವ ವಿಭಾಗದ ಪುಟ, ಒಂದೇ ಸರಕಿನ ಪುಟ, ಏನನ್ನಾದರೂ ವಿವರಿಸುವ ಓದಿನ ಪುಟ. ಅಂಗಡಿ ಕಟ್ಟುವ ತಂತ್ರಾಂಶಗಳಲ್ಲಿ ಒಂದಾದ ಶಾಪಿಫೈನಲ್ಲಿ ಮೊದಲನೆಯದನ್ನು ‘ಕಲೆಕ್ಷನ್’ ಎನ್ನುತ್ತಾರೆ, ವೂಕಾಮರ್ಸ್‌ನಲ್ಲಿ ‘ಕೆಟಗರಿ’. ಪ್ರತಿ ಪುಟದ ಎದುರು ಅದರ ಜಾತಿಯನ್ನು ನಮೂದಿಸಿ. ಪದ ಬರೆಯುವ ಕಾಲಂ ಸದ್ಯಕ್ಕೆ ಖಾಲಿ ಇರಲಿ.

ಇದು ಅಷ್ಟೇನೂ ದೊಡ್ಡ ಕೆಲಸವಲ್ಲ, ಆದರೆ ಬಿಟ್ಟರೆ ಮುಂದಿನ ಹಂತಗಳೆಲ್ಲ ಗಾಳಿಯಲ್ಲಿ ನಡೆಯುತ್ತವೆ.

ಹಂತ 2: ಎರಡೂ ರೂಪಗಳನ್ನು ನೀವೇ ಹುಡುಕಿ ನೋಡಿ

ಯಾವ ಉಪಕರಣಕ್ಕಿಂತಲೂ ಹೆಚ್ಚು ತಿಳಿಸುವುದು ಈ ಹಂತವೇ, ಮತ್ತು ಇದಕ್ಕೆ ಕಾಸು ಬೇಡ. ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ಏಕವಚನವನ್ನು ಹುಡುಕಿ, ಮೊದಲ ಹತ್ತು ಫಲಿತಾಂಶಗಳನ್ನು ಬರೆದುಕೊಳ್ಳಿ. ಪಕ್ಕದಲ್ಲಿ ಬಹುವಚನದ್ದನ್ನು ಬರೆಯಿರಿ. ಖಾಸಗಿ ಕಿಟಕಿ ನಿಮ್ಮ ಹಳೆಯ ಹುಡುಕಾಟದ ಪ್ರಭಾವವನ್ನು ಕಳೆಯುತ್ತದೆಯೇ ಹೊರತು ನೀವಿರುವ ಊರನ್ನು ಮರೆಮಾಡುವುದಿಲ್ಲ. ಬೆಂಗಳೂರಿನಲ್ಲಿ ಕೂತು ನೋಡಿದ್ದು ದುಬೈನ ಗ್ರಾಹಕರಿಗೂ ಅನ್ವಯಿಸುತ್ತದೆ ಎಂದುಕೊಳ್ಳಬೇಡಿ.

ಈಗ ಆ ಎರಡು ಪಟ್ಟಿಗಳಲ್ಲಿ ಎಷ್ಟು ಪುಟಗಳು ಎರಡೂ ಕಡೆ ಇವೆ ಎಂದು ನೋಡಿ. ಹತ್ತರಲ್ಲಿ ಏಳೆಂಟು ಅವೇ ಆಗಿದ್ದರೆ ಗೂಗಲ್ ಪಾಲಿಗೆ ಎರಡೂ ಒಂದೇ ಬೇಡಿಕೆ. ಒಂದೇ ಪುಟ ಸಾಕು, ಯಾವ ರೂಪ ಬರೆದರೂ ವ್ಯತ್ಯಾಸ ಕಡಿಮೆ. ಮೂರು ನಾಲ್ಕೇ ಸಮಾನವಾಗಿದ್ದರೆ ಫಲಿತಾಂಶಗಳ ಜಾತಿ ನೋಡಿ. ಬಹುವಚನಕ್ಕೆ ದೊಡ್ಡ ಅಂಗಡಿಗಳ ವಿಭಾಗದ ಪುಟಗಳು, ಏಕವಚನಕ್ಕೆ ಒಂಟಿ ಸರಕು, ಚಿತ್ರ ಅಥವಾ ವಿಕಿಪೀಡಿಯದಂಥ ವಿವರಣೆ ಬಂದರೆ, ಅವು ಬೇರೆ ಬೇರೆ ಪುಟ ಕೇಳುತ್ತಿವೆ ಎಂದರ್ಥ. ಈ ಏಳೆಂಟು, ಮೂರು ನಾಲ್ಕು ಎಂಬುದು ಯಾರೋ ಮಾಡಿದ ಕಾನೂನಲ್ಲ, ನಾನು ಬಳಸುವ ಕೈಯಳತೆ.

ಆಟಿಕೆ ಅಂಗಡಿಯಲ್ಲಿ ಇದನ್ನು ಮಾಡಿದಾಗ ‘ವಿಭಾಗಕ್ಕೆ ಬಹುವಚನ, ಸರಕಿಗೆ ಏಕವಚನ’ ಎಂಬ ಎಲ್ಲರೂ ಹೇಳುವ ಸೂತ್ರ ಎಲ್ಲಿ ನಿಲ್ಲುತ್ತದೆ, ಎಲ್ಲಿ ಬೀಳುತ್ತದೆ ಎಂಬುದು ಕಾಣುತ್ತದೆ. ‘ಚನ್ನಪಟ್ಟಣ ಟಾಯ್ಸ್’ ಎಂಬುದು ಒಂದು ಇಡೀ ಕರಕುಶಲದ ಹೆಸರು, ಬಹುವಚನದಲ್ಲೇ ಬಳಕೆಯಲ್ಲಿದೆ. ವಿಭಾಗದ ಪುಟಕ್ಕೆ ಅದೇ ಸರಿ. ‘ಬಿಲ್ಡಿಂಗ್ ಬ್ಲಾಕ್ಸ್’ ಮಾರುವುದು ಒಂದೇ ಡಬ್ಬಿಯಾದರೂ ಯಾರೂ ಒಂದು ಬ್ಲಾಕ್ ಹುಡುಕುವುದಿಲ್ಲ, ಹಾಗಾಗಿ ಸರಕಿನ ಪುಟದಲ್ಲೂ ಬಹುವಚನವೇ ಬರಬೇಕು. ‘ಕಿಚನ್ ಸೆಟ್’ ಇದರ ತಿರುವು: ಇಪ್ಪತ್ತು ಬಗೆಯ ಸೆಟ್‌ಗಳಿರುವ ವಿಭಾಗವನ್ನೂ ತಾಯಂದಿರು ಏಕವಚನದಲ್ಲೇ ಹುಡುಕುತ್ತಾರೆ, ಏಕೆಂದರೆ ಮನೆಗೆ ಬೇಕಾದದ್ದು ಒಂದು ಸೆಟ್. ‘ರಾಕಿಂಗ್ ಹಾರ್ಸ್’ ಕೂಡ ಹಾಗೆಯೇ. ಎರಡು ಮರದ ಕುದುರೆ ಕೊಳ್ಳುವ ಮನೆ ಅಪರೂಪ.

ಇನ್ನು ‘ರಿಟರ್ನ್ ಗಿಫ್ಟ್ಸ್’. ಮಗುವಿನ ಹುಟ್ಟುಹಬ್ಬಕ್ಕೆ ಬಂದ ಪುಟಾಣಿಗಳಿಗೆಲ್ಲ ಒಂದೊಂದು ಬುಗುರಿ ಕೊಡಬೇಕೆನ್ನುವವರು ಡಜನ್ ಲೆಕ್ಕದಲ್ಲಿ ಕೊಳ್ಳುತ್ತಾರೆ, ಹುಡುಕುವಾಗಲೂ ಬಹುವಚನ ತಾನಾಗಿ ಬರುತ್ತದೆ. ಈ ಗ್ರಾಹಕರನ್ನು ಒಂದು ಬುಗುರಿಯ ಪುಟಕ್ಕೆ ಇಳಿಸಿದರೆ ಅವರು ಹಿಂದಕ್ಕೆ ಹೋಗುತ್ತಾರೆ. ಅವರಿಗೆ ಬೇಕಾದದ್ದು ಇಪ್ಪತ್ತೈದು, ಐವತ್ತರ ಕಟ್ಟುಗಳಿಗೆ ಬೆಲೆ ಹಾಕಿದ ವಿಭಾಗ. ಅಂಥ ವಿಭಾಗವೇ ನಿಮ್ಮಲ್ಲಿ ಇಲ್ಲವೆಂದರೆ ಏಕವಚನ ಬಹುವಚನದ ಚರ್ಚೆಯನ್ನು ಬದಿಗಿಟ್ಟು ಮೊದಲು ಅದನ್ನು ಮಾಡಿ.

ಒಟ್ಟಿನಲ್ಲಿ ಕೇಳಿಕೊಳ್ಳಬೇಕಾದದ್ದು: ಕೊಳ್ಳುವವರು ಈ ವಸ್ತುವನ್ನು ಎಷ್ಟು ಕೊಳ್ಳುತ್ತಾರೆ, ಮತ್ತು ಕೊಳ್ಳುವ ಮೊದಲು ಎಷ್ಟನ್ನು ನೋಡಬೇಕು ಎನ್ನುತ್ತಾರೆ?

ಹಂತ 3: ಟ್ರೆಂಡ್ಸ್‌ನಲ್ಲಿ ಹೋಲಿಸಿ

ಗೂಗಲ್ ಟ್ರೆಂಡ್ಸ್‌ನಲ್ಲಿ ಎರಡೂ ರೂಪಗಳನ್ನು ಅಕ್ಕಪಕ್ಕ ಹಾಕಿ. ಜನ ಯಾವ ಪದವನ್ನು ಯಾವಾಗ ಹೆಚ್ಚು ಹುಡುಕುತ್ತಾರೆ ಎಂದು ತೋರಿಸುವ ಉಪಕರಣ ಇದು. ಇಲ್ಲಿ ಏಕವಚನ ಹಾಕಿದರೆ ಬಹುವಚನದ ಹುಡುಕಾಟ ಅದರಲ್ಲಿ ಸೇರುವುದಿಲ್ಲ, ತಪ್ಪು ಕಾಗುಣಿತವೂ ಸೇರುವುದಿಲ್ಲ. ಆದ್ದರಿಂದಲೇ ನಮ್ಮ ಕೆಲಸಕ್ಕೆ ಇದು ಒಳ್ಳೆಯ ಉಪಕರಣ. ಎರಡನ್ನೂ ಕೂಡಿಸಿ ನೋಡಬೇಕೆಂದರೆ ನಡುವೆ ಕೂಡುವ ಚಿಹ್ನೆ ಹಾಕಿದರೆ ಆಯಿತು. ಟೈಪ್ ಮಾಡುವಾಗ ಕೆಳಗೆ ಬರುವ ಸಲಹೆಗಳಲ್ಲಿ ‘ವಿಷಯ’ ಎಂದಿರುವುದನ್ನು ಆರಿಸಬೇಡಿ, ‘ಹುಡುಕು ಪದ’ ಎಂಬುದನ್ನೇ ಆರಿಸಿ. ವಿಷಯ ಆರಿಸಿದರೆ ಎಲ್ಲ ರೂಪಗಳೂ ಭಾಷೆಗಳೂ ಒಂದೇ ಗಂಟಾಗುತ್ತವೆ.

ಪ್ರದೇಶವನ್ನು ಭಾರತಕ್ಕೆ, ಆಮೇಲೆ ಕರ್ನಾಟಕಕ್ಕೆ ಇಳಿಸಿ. ಅಲ್ಲಿ ಕಾಣುವ 0ಯಿಂದ 100ರವರೆಗಿನ ಅಂಕಿಗಳು ಹುಡುಕಾಟದ ಸಂಖ್ಯೆಗಳಲ್ಲ, ಆ ಅವಧಿಯ ಅತಿ ಎತ್ತರದ ಬಿಂದುವನ್ನು 100 ಎಂದು ಇಟ್ಟುಕೊಂಡ ಅನುಪಾತ. ಅವಧಿಯನ್ನು ಐದು ವರ್ಷಕ್ಕೆ ಹಿಗ್ಗಿಸಿದರೆ ‘ದಸರಾ ಗೊಂಬೆ’ಯಂಥ ಪದ ಪ್ರತಿ ವರ್ಷ ಯಾವ ವಾರ ಏಳಲು ಶುರುವಾಗುತ್ತದೆ ಎಂಬುದೂ ತಿಳಿಯುತ್ತದೆ. ಕನ್ನಡ ಲಿಪಿಯ ಎಷ್ಟೋ ಪದಗಳಿಗೆ ಸಾಕಷ್ಟು ದತ್ತಾಂಶ ಇಲ್ಲವೆಂಬ ಉತ್ತರ ಬರುತ್ತದೆ. ಆ ಪದವನ್ನು ಹುಡುಕುವವರೇ ಇಲ್ಲವೆಂದು ಅದರ ಅರ್ಥವಲ್ಲ. ಗೆರೆ ಎಳೆಯುವಷ್ಟು ಇಲ್ಲ ಎಂದಷ್ಟೆ.

ಹಂತ 4: ಕೀವರ್ಡ್ ಪ್ಲಾನರ್ ಅಂಕಿಗಳನ್ನು ಕೂಡಬೇಡಿ

ಒಂದು ಪದವನ್ನು ತಿಂಗಳಿಗೆ ಎಷ್ಟು ಸಲ ಹುಡುಕುತ್ತಾರೆ ಎಂಬ ಅಂದಾಜು ಕೊಡುವ, ಗೂಗಲ್ ಜಾಹೀರಾತು ಖಾತೆಯೊಳಗಿನ ಕೀವರ್ಡ್ ಪ್ಲಾನರ್ ಹತ್ತಿರದ ರೂಪಗಳನ್ನು ಎಷ್ಟೋ ಸಲ ಒಂದೇ ಗುಂಪಿಗೆ ಸೇರಿಸುತ್ತದೆ. ‘ಟಾಯ್’, ‘ಟಾಯ್ಸ್’ ಎರಡರ ಎದುರೂ ಒಂದೇ ಅಂಕಿ ಕಂಡರೆ ಅದು ಗುಂಪಿನ ಅಂಕಿ. ಎರಡನ್ನೂ ಕೂಡಿ ಬೇಡಿಕೆ ಇಮ್ಮಡಿ ಎಂದು ಹಿಗ್ಗುವವರಿದ್ದಾರೆ. ಖರ್ಚು ಕಡಿಮೆ ಇರುವ ಖಾತೆಗೆ ನಿಖರ ಅಂಕಿಯ ಬದಲು 100ರಿಂದ 1,000, 1,000ದಿಂದ 10,000 ಎಂಬಂಥ ವ್ಯಾಪ್ತಿ ಮಾತ್ರ ಸಿಗುತ್ತದೆ, ಅದರಿಂದ ಏಕವಚನ ಬಹುವಚನದ ತೀರ್ಮಾನ ಆಗುವುದಿಲ್ಲ. ಯಾವ ಸರಕಿಗೆ ಬೇಡಿಕೆ ಇದೆ ಎಂಬ ಅಂದಾಜಿಗೆ ಮಾತ್ರ ಇದನ್ನು ಬಳಸಿ ಮುಂದೆ ಹೋಗಿ.

ಹಂತ 5: ಕನ್ನಡ ಪದಕ್ಕೆ ಬೇರೆಯೇ ಲೆಕ್ಕ

ಇಂಗ್ಲಿಷ್ ನಿಯಮವನ್ನು ಕನ್ನಡಕ್ಕೆ ಹಾಗೆಯೇ ಎತ್ತಿ ತಂದರೆ ಕೆಡುತ್ತದೆ. ನಾವು ‘ಹತ್ತು ಗೊಂಬೆ ತಂದೆ’, ‘ನಾಲ್ಕು ಸೀರೆ ಕೊಂಡೆ’ ಎನ್ನುವವರು. ಮನುಷ್ಯರನ್ನು ಬಿಟ್ಟು ಉಳಿದ ವಸ್ತುಗಳಿಗೆ ‘ಗಳು’ ಹಚ್ಚುವುದು ಮಾತಿನಲ್ಲಿ ಕಡ್ಡಾಯವಲ್ಲ. ಆದ್ದರಿಂದ ಕನ್ನಡದಲ್ಲಿ ‘ಮರದ ಆಟಿಕೆ’ ಎಂದು ಹುಡುಕಿದವರು ಒಂದೇ ಆಟಿಕೆ ನೋಡಲು ಬಂದಿದ್ದಾರೆ ಎನ್ನಲಾಗದು. ಅವರಿಗೆ ಇಡೀ ವಿಭಾಗವೇ ಬೇಕಿರಬಹುದು. ‘ಆಟಿಕೆಗಳು’ ಎಂಬುದು ಬರಹದ ರೂಪ, ಶೀರ್ಷಿಕೆಗೆ ಚೆಂದ, ಬೆರಳಿಗೆ ಉದ್ದ. ಧ್ವನಿಯಲ್ಲಿ ಹುಡುಕುವವರಂತೂ ಮಾತಿನ ರೂಪವನ್ನೇ ಹೇಳುತ್ತಾರೆ.

‘ಪಟ್ಟದ ಗೊಂಬೆ’ಯನ್ನು ನೋಡಿ. ನವರಾತ್ರಿಯಲ್ಲಿ ಮೇಲಿನ ಮೆಟ್ಟಿಲಲ್ಲಿ ಕೂರುವ ರಾಜ ರಾಣಿಯರ ಜೋಡಿ ಅದು, ಒಂಟಿಯಾಗಿ ಮಾರುವುದೇ ಇಲ್ಲ. ಆದರೂ ಹೆಸರು ಏಕವಚನದಲ್ಲೇ ನಿಂತಿದೆ. ನಿಮ್ಮ ಪುಟದ ಶೀರ್ಷಿಕೆ ‘ಪಟ್ಟದ ಗೊಂಬೆ ಜೋಡಿ’ ಎಂದಿರಲಿ. ವ್ಯಾಕರಣಕ್ಕೆ ಹೆದರಿ ‘ಪಟ್ಟದ ಗೊಂಬೆಗಳ ಜೋಡಿ’ ಎಂದರೆ ಜನ ಬಳಸುವ ಪದಗುಚ್ಛ ನಡುವೆ ಮುರಿಯುತ್ತದೆ.

ನನ್ನ ಸಲಹೆ: ಕನ್ನಡ ಪುಟದಲ್ಲಿ ಏಕವಚನವನ್ನೇ ಮೂಲವಾಗಿಟ್ಟುಕೊಳ್ಳಿ, ವಿಭಾಗದ ಶೀರ್ಷಿಕೆಯಲ್ಲಿ ಒಮ್ಮೆ ಮಾತ್ರ ‘ಗಳು’ ಬರಲಿ. ‘ಚನ್ನಪಟ್ಟಣದ ಗೊಂಬೆಗಳು: ಮಕ್ಕಳಿಗೆ ಮರದ ಆಟಿಕೆ’ ಎಂದರೆ ಒಂದು ಪದ ಬಹುವಚನ, ಇನ್ನೊಂದು ಏಕವಚನ, ಓದಲೂ ಎಡವುವುದಿಲ್ಲ.

ಇನ್ನೊಂದು ಮಾತು. ಕನ್ನಡದಲ್ಲಿ ವಚನಕ್ಕಿಂತ ಹೆಚ್ಚಾಗಿ ಕೈಕೊಡುವುದು ಕಾಗುಣಿತ. ಚನ್ನಪಟ್ಟಣ, ಚೆನ್ನಪಟ್ಟಣ ಎರಡೂ ಬಳಕೆಯಲ್ಲಿವೆ. ಬುಗುರಿಯನ್ನು ಬುಗರಿ ಎನ್ನುವವರೂ ಇದ್ದಾರೆ. ಜೊತೆಗೆ ಕನ್ನಡ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬಡಿಯುವವರು ಬಹಳ. ಅಂಗಡಿಯ ಎರಡು ಸಾಲಿನ ಪರಿಚಯದಲ್ಲಿ ಒಂದು ಕಾಗುಣಿತ, ಪ್ರಶ್ನೋತ್ತರದ ಭಾಗದಲ್ಲಿ ಇನ್ನೊಂದು ಸಹಜವಾಗಿ ಬರುವಂತೆ ನೋಡಿಕೊಂಡರೆ, ‘ಗಳು’ ಬಗ್ಗೆ ತಲೆ ಕೆಡಿಸಿಕೊಂಡದ್ದಕ್ಕಿಂತ ಹೆಚ್ಚು ಲಾಭ.

ಕನ್ನಡ ಲಿಪಿಯಲ್ಲಿ ಹುಡುಕಿದರೆ ಬರುವ ಫಲಿತಾಂಶಗಳನ್ನೂ ಹಂತ 2ರಂತೆ ನೋಡಿ. ಮಾರಾಟದ ಪುಟಕ್ಕಿಂತ ಸುದ್ದಿ, ಲೇಖನ, ವೀಡಿಯೊಗಳೇ ಹೆಚ್ಚು ಕಾಣಬಹುದು. ಹಾಗಿದ್ದಲ್ಲಿ ಬರೀ ಬೆಲೆಯ ಪಟ್ಟಿ ಇಟ್ಟರೆ ಸಾಲದು. ಗೊಂಬೆ ಮಾಡಲು ಬಳಸುವ ಆಲೆ ಮರ, ಅರಗಿನ ಬಣ್ಣ, ಕಡೆಯುವ ಯಂತ್ರ ಇವುಗಳ ಬಗ್ಗೆ ನಾಲ್ಕು ಪ್ಯಾರಾ ಬರೆದು ಅದರ ಕೆಳಗೆ ಸರಕು ಜೋಡಿಸಿ.

ಹಂತ 6: ಪದವನ್ನು ಪುಟದಲ್ಲಿ ಕೂರಿಸಿ

ಈಗ ಖಾಲಿ ಬಿಟ್ಟಿದ್ದ ಕಾಲಂ ತುಂಬಿ. ಒಂದು ಪುಟಕ್ಕೆ ಒಂದು ಮುಖ್ಯ ರೂಪ. ಅದೇ ರೂಪ ಶೀರ್ಷಿಕೆಯಲ್ಲಿ, ಪುಟದ ದೊಡ್ಡ ತಲೆಬರಹದಲ್ಲಿ ಬರಲಿ. ಇನ್ನೊಂದು ರೂಪ ವಿವರಣೆಯ ವಾಕ್ಯದಲ್ಲಿ ತಾನಾಗಿ ಬರುತ್ತದೆ. ‘ವುಡನ್ ಟಾಯ್, ವುಡನ್ ಟಾಯ್ಸ್, ಟಾಯ್ ವುಡನ್’ ಎಂದು ಶೀರ್ಷಿಕೆಯಲ್ಲಿ ಸರ ಪೋಣಿಸಬೇಡಿ, ಗ್ರಾಹಕರಿಗೆ ಅಂಗಡಿಯ ಮೇಲೆಯೇ ಅನುಮಾನ ಬರುತ್ತದೆ. ಮೆಟಾ ಕೀವರ್ಡ್ಸ್ ಎಂಬ, ಗ್ರಾಹಕರಿಗೆ ಕಾಣದ ಪೆಟ್ಟಿಗೆಯಲ್ಲಿ ಎರಡೂ ರೂಪ ತುಂಬಿಸಿಕೊಡುತ್ತೇವೆ ಎಂದು ಹಣ ಕೇಳುವವರು ಇನ್ನೂ ಇದ್ದಾರೆ. ಶ್ರೇಯಾಂಕಕ್ಕೆ ಅದನ್ನು ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿಯಾಗಿದೆ.

ಒಂದೇ ಸರಕಿನ ಸಾಲಿಗೆ ಏಕವಚನಕ್ಕೊಂದು, ಬಹುವಚನಕ್ಕೊಂದು ವಿಭಾಗ ತೆರೆಯುವುದು ಮಾತ್ರ ಬೇಡವೇ ಬೇಡ. ಎರಡೂ ಪುಟ ಒಂದೇ ಗ್ರಾಹಕರಿಗಾಗಿ ಕಿತ್ತಾಡುತ್ತವೆ, ಹೊರಗಿನಿಂದ ಬರುವ ಲಿಂಕುಗಳು ಹಂಚಿಹೋಗುತ್ತವೆ, ಕೊನೆಗೆ ಎರಡೂ ಮೇಲೇಳುವುದಿಲ್ಲ.

ಪುಟದ ವಿಳಾಸದಲ್ಲಿ ಏಕವಚನ ಇದೆ, ಶೀರ್ಷಿಕೆಯಲ್ಲಿ ಬಹುವಚನ ಬಂತು ಎಂದು ವಿಳಾಸ ಬದಲಿಸಲು ಹೋಗಬೇಡಿ. ಒಂದು ಅಕ್ಷರಕ್ಕಾಗಿ ಹಳೆಯ ಲಿಂಕುಗಳನ್ನೆಲ್ಲ ಕದಲಿಸುವುದು ನಷ್ಟದ ವ್ಯಾಪಾರ.

ಹಂತ 7: ಅಂಗಡಿಯ ಒಳಗಿನ ಹುಡುಕಾಟ

ಗೂಗಲ್‌ಗೆ ಗೊತ್ತಿರುವ ವ್ಯಾಕರಣ ನಿಮ್ಮ ಸ್ವಂತ ವೆಬ್‌ಸೈಟಿನ ಹುಡುಕು ಪೆಟ್ಟಿಗೆಗೆ ಗೊತ್ತಿಲ್ಲದೆ ಇರಬಹುದು. ಹೆಚ್ಚುವರಿ ಪ್ಲಗಿನ್ (ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಇಲ್ಲದ, ವೆಬ್‌ಸೈಟ್ ಕಟ್ಟಲು ಬಳಸುವ ವರ್ಡ್‌ಪ್ರೆಸ್ ಅಕ್ಷರಗಳನ್ನು ಇದ್ದ ಹಾಗೆಯೇ ಹೊಂದಿಸುತ್ತದೆ. ‘ಗೊಂಬೆ’ ಎಂದು ಹುಡುಕಿದರೆ ಗೊಂಬೆಗಳು, ಗೊಂಬೆಯ, ಗೊಂಬೆಗಳಿಗೆ ಎಲ್ಲವೂ ಸಿಗುತ್ತವೆ, ಏಕೆಂದರೆ ಅವುಗಳ ಒಳಗೆ ಆ ಅಕ್ಷರಗಳಿವೆ. ‘ಗೊಂಬೆಗಳು’ ಎಂದು ಹುಡುಕಿದರೆ ಬರೀ ‘ಗೊಂಬೆ’ ಎಂದು ಬರೆದ ಸರಕು ಸಿಗುವುದಿಲ್ಲ. ಇಂಗ್ಲಿಷಿನಲ್ಲೂ ಹಾಗೆಯೇ: ‘ಟಾಯ್’ಗೆ ‘ಟಾಯ್ಸ್’ ಸಿಗುತ್ತದೆ, ‘ಟಾಯ್ಸ್’ಗೆ ‘ಟಾಯ್’ ಸಿಗುವುದಿಲ್ಲ. ಕನ್ನಡದ ಉಕಾರಾಂತ ಪದಗಳಿಗೆ ಇನ್ನೊಂದು ತೊಡಕಿದೆ. ‘ರೈಲು’ ಎಂದು ಹುಡುಕಿದವರಿಗೆ ‘ರೈಲಿನ ಆಟಿಕೆ’ ತಪ್ಪಿಹೋಗುತ್ತದೆ.

ಸರಕುಗಳ ಹೆಸರು ಏಕವಚನದಲ್ಲಿದ್ದರೆ ವಿವರಣೆಯಲ್ಲಿ ಒಮ್ಮೆಯಾದರೂ ಬಹುವಚನ ಬರೆಯಿರಿ, ಅಥವಾ ಸಮಾನ ಪದಗಳನ್ನು ಸೇರಿಸಲು ಬಿಡುವ ಹುಡುಕಾಟದ ಪ್ಲಗಿನ್ ಹಾಕಿಕೊಳ್ಳಿ. ಸೈಟಿಗೆ ಬಂದವರು ಏನು ಮಾಡಿದರೆಂದು ಅಳೆಯುವ ಗೂಗಲ್ ಅನಾಲಿಟಿಕ್ಸ್ 4ರಲ್ಲಿ ಸೈಟ್ ಹುಡುಕಾಟದ ಅಳತೆ ಆನ್ ಇದ್ದರೆ ಗ್ರಾಹಕರು ಆ ಪೆಟ್ಟಿಗೆಯಲ್ಲಿ ಏನು ಬರೆದರು ಎಂಬುದು ದಾಖಲಾಗಿರುತ್ತದೆ. ಅದರಲ್ಲಿರುವ ಪದಗಳನ್ನು ಒಂದೊಂದಾಗಿ ನೀವೇ ಹುಡುಕಿ, ‘ಏನೂ ಸಿಗಲಿಲ್ಲ’ ಎಂದು ಬಂದದ್ದನ್ನು ಸರಿಪಡಿಸಿ. ಕೊಳ್ಳಲೆಂದೇ ಒಳಗೆ ಬಂದವರನ್ನು ಒಂದು ‘ಗಳು’ ಕಾರಣಕ್ಕೆ ಬರಿಗೈಯಲ್ಲಿ ಕಳಿಸುವುದಕ್ಕಿಂತ ಪೆದ್ದತನ ಇನ್ನೊಂದಿಲ್ಲ.

ಹಂತ 8: ಅಮೆಜಾನ್ ಮತ್ತು ಜಾಹೀರಾತು

ಅಮೆಜಾನ್‌ನಲ್ಲಿ ಗ್ರಾಹಕರಿಗೆ ಕಾಣದ, ಮಾರಾಟಗಾರರು ಮಾತ್ರ ತುಂಬುವ ಹುಡುಕು ಪದಗಳ ಜಾಗವಿದೆ. ಅಲ್ಲಿ ಒಂದು ಪದದ ಏಕವಚನ ಅಥವಾ ಬಹುವಚನ, ಎರಡರಲ್ಲಿ ಒಂದು ಸಾಕು. ಆ ಜಾಗದ ಮಿತಿಯನ್ನು ಬೈಟ್‌ಗಳಲ್ಲಿ (ಕಂಪ್ಯೂಟರ್ ಅಕ್ಷರ ಉಳಿಸಿಡುವ ಅಳತೆ) ಎಣಿಸುವುದರಿಂದ ಇದು ಕನ್ನಡಕ್ಕೆ ಮುಖ್ಯ: ಇಂಗ್ಲಿಷಿನ ಪ್ರತಿ ಅಕ್ಷರ ಒಂದು ಬೈಟ್, ಕನ್ನಡದ ಪ್ರತಿ ಅಕ್ಷರಚಿಹ್ನೆ (ವ್ಯಂಜನ, ಸ್ವರಚಿಹ್ನೆ, ಸೊನ್ನೆ ಒಂದೊಂದೂ) ಯೂನಿಕೋಡಿನ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಮೂರು ಬೈಟ್. ‘ಗೊಂಬೆ’ಗೆ 15 ಬೈಟ್ ಬೇಕು, ‘ಗೊಂಬೆಗಳು’ ಎಂದರೆ 24. ಆ ಒಂಬತ್ತು ಬೈಟಿನಲ್ಲಿ ಇಂಗ್ಲಿಷಿನ ಒಂದು ಹೊಸ ಪದವನ್ನೇ ಸೇರಿಸಬಹುದು.

ಗೂಗಲ್ ಜಾಹೀರಾತಿನಲ್ಲಿ 2014ರಿಂದ ಏಕವಚನ, ಬಹುವಚನ ಬೇರ್ಪಡಿಸಲು ಬರುವುದಿಲ್ಲ. ಬರೆದ ಪದಕ್ಕಷ್ಟೇ ಜಾಹೀರಾತು ತೋರಿಸಿ ಎನ್ನುವ ‘ನಿಖರ ಹೊಂದಾಣಿಕೆ’ ಆರಿಸಿದರೂ ಹತ್ತಿರದ ರೂಪಗಳಿಗೆ ಜಾಹೀರಾತು ಹೋಗುತ್ತದೆ. ಎರಡಕ್ಕೂ ಬೇರೆ ಬೇರೆ ಜಾಹೀರಾತು ಗುಂಪು ಮಾಡಿ ಕೂರುವುದು ಹಳೆಯ ಅಭ್ಯಾಸ, ಬಿಡಿ.

ಆದರೆ ನೆಗೆಟಿವ್ ಕೀವರ್ಡ್ ವಿಷಯದಲ್ಲಿ ಇದು ತಿರುಗುತ್ತದೆ. ಇಂಥ ಹುಡುಕಾಟಕ್ಕೆ ನನ್ನ ಜಾಹೀರಾತು ಬೇಡ ಎಂದು ಕೊಡುವ ಈ ಪಟ್ಟಿ ರೂಪಗಳನ್ನು ತಾನಾಗಿ ವಿಸ್ತರಿಸಿಕೊಳ್ಳುವುದಿಲ್ಲ. ‘ಪ್ಲಾಸ್ಟಿಕ್ ಟಾಯ್’ ಬೇಡ ಎಂದು ಬರೆದು ಸುಮ್ಮನಾದರೆ ‘ಪ್ಲಾಸ್ಟಿಕ್ ಟಾಯ್ಸ್’ ಹುಡುಕಿದವರು ನಿಮ್ಮ ಜಾಹೀರಾತನ್ನು ಒತ್ತುತ್ತಲೇ ಇರುತ್ತಾರೆ, ಹಣ ಸೋರುತ್ತಲೇ ಇರುತ್ತದೆ. ಬೇಡದ ಪದಗಳಿಗೆ ಎರಡೂ ರೂಪ ಬರೆಯಿರಿ.

ಹಂತ 9: ಸರ್ಚ್ ಕನ್ಸೋಲ್‌ನಲ್ಲಿ ಪರೀಕ್ಷಿಸಿ

ಬದಲಾವಣೆ ಮಾಡಿದ ಮೇಲೆ ಕೆಲವು ವಾರ ಮುಟ್ಟದೆ ಬಿಡಿ. ಆಮೇಲೆ, ನಿಮ್ಮ ಪುಟಗಳು ಗೂಗಲ್ ಹುಡುಕಾಟದಲ್ಲಿ ಯಾವ ಪದಗಳಿಗೆ ಕಂಡವೆಂದು ತಿಳಿಸುವ ಗೂಗಲ್ ಸರ್ಚ್ ಕನ್ಸೋಲ್‌ನ ಕಾರ್ಯಕ್ಷಮತೆಯ ವರದಿ ತೆರೆಯಿರಿ. ಅದರಲ್ಲಿ ಹದಿನಾರು ತಿಂಗಳವರೆಗಿನ ದತ್ತಾಂಶ ಇರುತ್ತದೆ. ಪ್ರಶ್ನೆಗಳ ಫಿಲ್ಟರ್‌ನಲ್ಲಿ ರೆಗೆಕ್ಸ್ (ಅಕ್ಷರಗಳ ಮಾದರಿ ಕೊಟ್ಟು ಸೋಸುವ ವಿಧಾನ, ಇದರಲ್ಲಿ $ ಎಂದರೆ ಸಾಲಿನ ಕೊನೆ) ಆರಿಸಿ ‘ಗೊಂಬೆ$’ ಎಂದು ಕೊಟ್ಟರೆ ಏಕವಚನದಲ್ಲಿ ಮುಗಿಯುವ ಹುಡುಕಾಟಗಳು, ‘ಗಳು$’ ಎಂದರೆ ಬಹುವಚನದವು ಬೇರೆಯಾಗಿ ಕಾಣುತ್ತವೆ. ಬಹಳ ಕಡಿಮೆ ಜನ ಹುಡುಕಿದ ಪದಗಳನ್ನು ಗೋಪ್ಯತೆಗಾಗಿ ಗೂಗಲ್ ತೋರಿಸುವುದಿಲ್ಲ, ಹಾಗಾಗಿ ಕನ್ನಡದ ಪಟ್ಟಿ ನಿಜಕ್ಕಿಂತ ಚಿಕ್ಕದಾಗಿಯೇ ಕಾಣುತ್ತದೆ.

ಒಂದೊಂದು ಪದವನ್ನೂ ಒತ್ತಿ ಪುಟಗಳ ಪಟ್ಟಿಗೆ ಹೋಗಿ. ಒಂದೇ ಪದಕ್ಕೆ ಎರಡು ಪುಟಗಳು ಸರದಿಯಂತೆ ಬರುತ್ತಿದ್ದರೆ, ಎರಡರ ಸ್ಥಾನವೂ ಏರಿಳಿಯುತ್ತಿದ್ದರೆ, ಅವು ಪರಸ್ಪರ ಅಡ್ಡ ಬರುತ್ತಿವೆ. ಹೆಚ್ಚು ಕ್ಲಿಕ್ ಪಡೆದದ್ದನ್ನು ಉಳಿಸಿ, ಇನ್ನೊಂದರಲ್ಲಿರುವ ಒಳ್ಳೆಯ ವಿವರವನ್ನು ಅದಕ್ಕೆ ಸೇರಿಸಿ, ಹಳೆಯ ವಿಳಾಸದಿಂದ ಉಳಿದ ಪುಟಕ್ಕೆ 301 ರೀಡೈರೆಕ್ಟ್ (ಬಂದವರನ್ನು ಶಾಶ್ವತವಾಗಿ ಇನ್ನೊಂದು ವಿಳಾಸಕ್ಕೆ ಕಳಿಸುವ ಸೂಚನೆ) ಹಾಕಿ. ಎರಡೂ ಪುಟ ಗ್ರಾಹಕರಿಗೆ ಬೇಕೇ ಬೇಕೆಂದಿದ್ದರೆ ಮಾತ್ರ ಕನಾನಿಕಲ್ ಟ್ಯಾಗ್ (ಎರಡರಲ್ಲಿ ಮುಖ್ಯ ಪುಟ ಯಾವುದೆಂದು ಗೂಗಲ್‌ಗೆ ಹೇಳುವ ಗುರುತು) ಬಳಸಿ. ವಿಭಾಗದ ಪುಟ ಬರಬೇಕಾದಲ್ಲಿ ಒಂಟಿ ಸರಕಿನ ಪುಟ ಬರುತ್ತಿದ್ದರೆ ಅಳಿಸುವ ಅಗತ್ಯವಿಲ್ಲ. ಸರಕಿನ ಪುಟದಿಂದ ವಿಭಾಗಕ್ಕೆ ಬಹುವಚನದ ಪದದಲ್ಲೇ ಒಂದು ಲಿಂಕ್ ಕೊಡಿ, ಸರಕಿನ ಶೀರ್ಷಿಕೆಗೆ ಬಣ್ಣ, ಅಳತೆ, ವಯಸ್ಸು ಸೇರಿಸಿ ಇನ್ನಷ್ಟು ನಿರ್ದಿಷ್ಟಗೊಳಿಸಿ.

ನವರಾತ್ರಿಯ ಸರಕಿನ ಪುಟಗಳಿಗೆ ಈ ಕೆಲಸವನ್ನೆಲ್ಲ ಆಷಾಢದಲ್ಲೇ ಮುಗಿಸಿಕೊಳ್ಳಿ. ಗೂಗಲ್ ಹೊಸ ಶೀರ್ಷಿಕೆ ಓದಿ ಸ್ಥಾನ ನೆಲೆಗೊಳ್ಳಲು ಸಮಯ ಬೇಕು, ಮತ್ತು ಮಹಾಲಯ ಅಮಾವಾಸ್ಯೆಯ ಹಿಂದಿನ ವಾರ ‘ಗೊಂಬೆ’ಯನ್ನು ‘ಗೊಂಬೆಗಳು’ ಮಾಡಲು ಕೂತರೆ ಆ ವರ್ಷದ ಹಬ್ಬಕ್ಕೆ ಅದು ಉಪಯೋಗಕ್ಕೆ ಬರುವುದಿಲ್ಲ.